ರಾಜನ ದಾರಿ, ನನ್ನ ಅಡ್ಡದಾರಿ

ಕಳೆದ ಜೂನ್ ಕೊನೆಯ ವಾರದ ಒಂದು ಬೆಳಿಗ್ಗೆ, ಇಟಲಿಯ ಆಲ್ಪ್ಸ್‌ನ ಒಂದು ಕಣಿವೆಯಲ್ಲಿ ಓಡುತ್ತಿದ್ದಾಗ ನಾನೊಂದು ಸಣ್ಣ ತಪ್ಪು ಮಾಡಿದೆ. ದಾರಿ ಹಾವಿನಂತೆ ಬಳಸಿ ಬಳಸಿ ಬೆಟ್ಟ ಹತ್ತುವ ಕಡೆ ಮೂರು ತಿರುವುಗಳನ್ನು ಬಿಟ್ಟು ಹುಲ್ಲಿನ ಮೇಲೆ ನೇರವಾಗಿ ಹತ್ತಿಬಿಟ್ಟೆ. ಅದರಿಂದ ಉಳಿದದ್ದು ಎರಡು ನಿಮಿಷ. ಯಾರಿಗೂ ಏನೂ ಆಗಲಿಲ್ಲ. ಆಗಿದ್ದರೂ ನನಗೆ ತಿಳಿಯಲಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಪ್ರಬಂಧ ಬೇಕೆ ಎಂದು ನೀವು ಕೇಳಬಹುದು. ನೀತಿಶಾಸ್ತ್ರ ನನ್ನ ಪಿಎಚ್.ಡಿ.ಯ ವಿಷಯ. ಮೂರು ವರ್ಷಗಳಿಂದ ದೊಡ್ಡ ದೊಡ್ಡ ಉದಾಹರಣೆಗಳನ್ನು ಇಟ್ಟುಕೊಂಡು ಬರೆಯುತ್ತ ಬಂದಿದ್ದೇನೆ. ಬ್ರೇಕ್ ಇಲ್ಲದೆ ನುಗ್ಗುವ ಟ್ರಾಲಿ, ಕೊಳದಲ್ಲಿ ಮುಳುಗುತ್ತಿರುವ ಮಗು, ಗೆಳೆಯನನ್ನು ಉಳಿಸಲು ಹೇಳಬೇಕಾದ ಸುಳ್ಳು. ಅವು ಯಾವುವೂ ನನ್ನ ನಿದ್ದೆ ಕೆಡಿಸಿಲ್ಲ. ಈ ಎರಡು ನಿಮಿಷ ಕೆಡಿಸಿದೆ. ಯಾಕೆ ಎಂದು ನನಗೇ ಸ್ಪಷ್ಟ ಮಾಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಜಾಗದ ಬಗ್ಗೆ ಹೇಳಬೇಕು. ಇಟಲಿಯ ವಾಯವ್ಯ ಮೂಲೆಯಲ್ಲಿ, ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಗೆ ತಾಗಿಕೊಂಡು ಆವೊಸ್ತಾ ಎಂಬ ಪುಟ್ಟ ಪ್ರಾಂತ್ಯವಿದೆ. ಅದರ ದಕ್ಷಿಣದ ಅಂಚಿನಲ್ಲಿ ಗ್ರಾನ್ ಪಾರಾದಿಸೊ ರಾಷ್ಟ್ರೀಯ ಉದ್ಯಾನ, ಸುಮಾರು 700 ಚದರ ಕಿಲೋಮೀಟರ್ ಹರಡಿದ ಸಂರಕ್ಷಿತ ಪ್ರದೇಶ. ಅದಕ್ಕೆ ಹೆಸರು ಕೊಟ್ಟ ಶಿಖರದ ಎತ್ತರ 4,061 ಮೀಟರ್. ನಾನು ಓದುತ್ತಿರುವ ಟೊರಿನೊ ನಗರದಿಂದ ಬಸ್ಸು ಹಿಡಿದರೆ ಆವೊಸ್ತಾ ಪಟ್ಟಣ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕೋನ್ಯೆ ಎಂಬ ಹಳ್ಳಿ. ಕೋನ್ಯೆಯಿಂದ ಸ್ವಲ್ಪ ಮುಂದೆ ವಾಲ್ನೊಂತೇ ಕಣಿವೆ. ತಿಂಗಳಿಗೊಮ್ಮೆಯಾದರೂ ಶುಕ್ರವಾರ ಸಂಜೆ ಹೋಗಿ, ಶನಿವಾರ ಬೆಳಿಗ್ಗೆ ಅಲ್ಲಿ ಓಡಿ, ಸಂಜೆಗೆ ಮರಳುವುದು ನನ್ನ ರೂಢಿಯಾಗಿತ್ತು.

ಟಾರು ರಸ್ತೆ ಬಿಟ್ಟು ಕಾಡು, ಬೆಟ್ಟ, ಹೊಳೆದಂಡೆಯ ಕಾಲುದಾರಿಗಳಲ್ಲಿ ಓಡುವುದಕ್ಕೆ ಟ್ರೇಲ್ ರನ್ನಿಂಗ್ ಎನ್ನುತ್ತಾರೆ. ಈಗ ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲೂ ಇಂಥ ಓಟದ ಸ್ಪರ್ಧೆಗಳು ನಡೆಯುತ್ತವೆ. ಆವೊಸ್ತಾದಲ್ಲಿ ಇದು ಒಂದು ಹುಚ್ಚಿನ ಮಟ್ಟಕ್ಕೆ ಹೋಗಿದೆ. 2010ರಿಂದ ಅಲ್ಲಿ ನಡೆಯುತ್ತಿರುವ 'ತೋರ್ ದೆ ಜೆಯಾಂ' ಎಂಬ ಓಟದ ಉದ್ದ ಸುಮಾರು 330 ಕಿಲೋಮೀಟರ್. ಒಟ್ಟು ಹತ್ತಬೇಕಾದ ಎತ್ತರ 24,000 ಮೀಟರ್. ಮುಗಿಸಲು ಕೊಡುವ ಸಮಯ 150 ಗಂಟೆ. ಅದರ ಅತ್ಯಂತ ಎತ್ತರದ ಜಾಗ ಸುಮಾರು 3,300 ಮೀಟರಿನ ಲೊಸೋನ್ ಕಣಿವೆಬಾಯಿ ಇರುವುದು ಇದೇ ಉದ್ಯಾನದೊಳಗೆ. ಅದನ್ನು ದಾಟಿದ ಓಟಗಾರರು ಇಳಿಯುವುದು ನಾನು ಹತ್ತುವ ದಾರಿಯಲ್ಲೇ. ನನ್ನದು ಅಂಥ ಸಾಹಸವಲ್ಲ. ವಾಲ್ನೊಂತೇ ಹಳ್ಳಿ ಇರುವುದು 1,666 ಮೀಟರ್ ಎತ್ತರದಲ್ಲಿ. ಮೇಲಿನ ಸೆಲ್ಲಾ ಆಶ್ರಯಮನೆ 2,584 ಮೀಟರ್‌ನಲ್ಲಿ. ನಡೆದು ಹೋಗುವವರಿಗೆ ಎರಡೂವರೆ ಗಂಟೆ ಬೇಕು. ಅದನ್ನು ಒಂದು ಗಂಟೆ ಹತ್ತು ನಿಮಿಷದೊಳಗೆ ಹತ್ತಬೇಕೆಂಬುದು ನಾನು ನನಗೇ ಹಾಕಿಕೊಂಡ ಗುರಿ.

ಹೊಳೆ ದಾಟಿದರೆ ಬಲಕ್ಕೆ 1955ರಲ್ಲಿ ಮಾಡಿದ ಸಸ್ಯೋದ್ಯಾನ. ಆಮೇಲೆ ಲಾರ್ಚ್ ಮರಗಳ ಕಾಡು. ಇವು ಸೂಜಿ ಎಲೆಯ ಮರಗಳಾದರೂ ಚಳಿಗಾಲಕ್ಕೆ ಎಲೆ ಉದುರಿಸುತ್ತವೆ. ಜೂನ್‌ನಲ್ಲಿ ಅವುಗಳ ಹಸಿರು ಎಳೆ ಭತ್ತದ ಸಸಿಯ ಹಸಿರಿನಂತೆ ಇರುತ್ತದೆ. ಕಾಡು ಮುಗಿದ ಮೇಲೆ ಬರೀ ಹುಲ್ಲು, ಕಲ್ಲು, ನೀರಿನ ಸದ್ದು. ಅಲ್ಲಿ ದಾರಿ ಉದ್ದುದ್ದದ ತಿರುವುಗಳಲ್ಲಿ ಏರುತ್ತದೆ. ಬೆಟ್ಟದ ದಾರಿಗೆ ಅದು ವಿಚಿತ್ರವೆನಿಸುವಷ್ಟು ಅಗಲ, ವಿಚಿತ್ರವೆನಿಸುವಷ್ಟು ನಿಧಾನದ ಏರು. ಓಡುವವರಿಗೆ ಇದು ಒಂದು ವರ, ಒಂದು ಕಿರಿಕಿರಿ. ವರ ಏಕೆಂದರೆ ಏರನ್ನೂ ಓಡಿಯೇ ಹತ್ತಬಹುದು. ಕಿರಿಕಿರಿ ಏಕೆಂದರೆ ಮೇಲಿನ ತಿರುವು ನೆತ್ತಿಯ ಮೇಲೇ ಕಾಣುತ್ತಿರುತ್ತದೆ, ಆದರೆ ಅಲ್ಲಿಗೆ ತಲುಪಲು ಅಷ್ಟು ದೂರ ಹೋಗಿ ಅಷ್ಟೇ ದೂರ ಮರಳಬೇಕು.

ದಾರಿ ಹಾಗಿರುವುದಕ್ಕೆ ಕಾರಣವಿದೆ. ಅದನ್ನು ಮಾಡಿಸಿದ್ದು ಕುದುರೆ ಮತ್ತು ಹೇಸರಗತ್ತೆಗಳಿಗಾಗಿ. ಮಾಡಿಸಿದವನು ಒಬ್ಬ ರಾಜ. ಮಾಡಿಸಿದ್ದು ಬೇಟೆಯಾಡಲು.

ಆಲ್ಪ್ಸ್‌ನಲ್ಲಿ ಐಬೆಕ್ಸ್ ಎಂಬ ಕಾಡುಮೇಕೆ ಇದೆ. ನೀಲಗಿರಿಯ ತಾರ್ ನೋಡಿದವರಿಗೆ ಮೈಕಟ್ಟು ಸ್ವಲ್ಪ ಪರಿಚಿತ ಎನಿಸೀತು. ಕೊಂಬು ಮಾತ್ರ ಬೇರೆಯೇ. ಗಂಡಿನ ಕೊಂಬು ಗಣ್ಣು ಗಣ್ಣಾಗಿ ಹಿಂದಕ್ಕೆ ಬಾಗಿ ಒಂದು ಮೀಟರ್‌ವರೆಗೂ ಬೆಳೆಯುತ್ತದೆ. ಆ ಕೊಂಬಿಗಾಗಿ, ಮಾಂಸಕ್ಕಾಗಿ, ರಕ್ತದಿಂದ ಔಷಧಿಯಾಗುತ್ತದೆ ಎಂಬ ನಂಬಿಕೆಗಾಗಿ, ಹೃದಯದೊಳಗಿನ ಶಿಲುಬೆಯಾಕಾರದ ಸಣ್ಣ ಎಲುಬನ್ನು ತಾಯಿತ ಮಾಡಿ ಕಟ್ಟಿಕೊಳ್ಳುವುದಕ್ಕಾಗಿ ಜನ ಅದನ್ನು ಶತಮಾನಗಳ ಕಾಲ ಕೊಂದರು. 19ನೇ ಶತಮಾನದ ಆರಂಭಕ್ಕೆ ಇಡೀ ಆಲ್ಪ್ಸ್‌ನಲ್ಲಿ ಐಬೆಕ್ಸ್ ಉಳಿದಿದ್ದುದು ಗ್ರಾನ್ ಪಾರಾದಿಸೊ ಸುತ್ತಿನ ಈ ಬೆಟ್ಟಗಳಲ್ಲಿ ಮಾತ್ರ, ಅದೂ ನೂರರ ಆಸುಪಾಸು. 1821ರಲ್ಲಿ ಅಲ್ಲಿನ ಅರಸೊತ್ತಿಗೆ ಅದರ ಬೇಟೆಯನ್ನು ನಿಷೇಧಿಸಿತು. 1856ರಲ್ಲಿ ಎರಡನೆಯ ವಿತ್ತೋರಿಯೊ ಎಮಾನ್ಯುಯೆಲೆ ಈ ಬೆಟ್ಟಗಳನ್ನು ತನ್ನ ಖಾಸಾ ಬೇಟೆಯ ಕಾಡೆಂದು ಘೋಷಿಸಿದ. ಮುಂದೆ 1861ರಲ್ಲಿ ಏಕೀಕೃತ ಇಟಲಿಯ ಮೊದಲ ರಾಜನಾದವನು ಇವನೇ. ಕಾವಲುಗಾರರನ್ನು ನೇಮಿಸಿದ, ಅವರಲ್ಲಿ ಎಷ್ಟೋ ಜನ ಮೊದಲು ಕಳ್ಳಬೇಟೆ ಮಾಡುತ್ತಿದ್ದವರು. ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಮಾಡಿಸಿದ. ಬೇಟೆಮನೆಗಳನ್ನು ಕಟ್ಟಿಸಿದ. ಈಗಿನ ಸೆಲ್ಲಾ ಆಶ್ರಯಮನೆ ಇರುವುದೂ ಅವನ ಒಂದು ಬೇಟೆಮನೆಯ ಜಾಗದಲ್ಲೇ. ಬೇಟೆಯ ದಿನ ಹಳ್ಳಿಗಳ ಜನ ಬೆಟ್ಟವನ್ನು ಸುತ್ತುವರಿದು ಪ್ರಾಣಿಗಳನ್ನು ರಾಜ ಕೂತ ಮರೆಯ ಕಡೆ ಓಡಿಸುತ್ತಿದ್ದರು. ಆವೊಸ್ತಾ ಪಟ್ಟಣದ ಹತ್ತಿರ ಸಾರ್ ಎಂಬಲ್ಲಿ ರಾಜಮನೆತನದ ಕೋಟೆಮನೆ ಇದೆ. ಅದರ ಗೋಡೆ, ಛಾವಣಿಗಳಿಗೆ ಸಾವಿರಾರು ಕೊಂಬುಗಳನ್ನು ಹೂವಿನ ಹಾರದಂತೆ ಜೋಡಿಸಿದ್ದಾರೆ. ನಾನು ಹೋಗಿ ನೋಡಿದ್ದೇನೆ. ಐದು ನಿಮಿಷದ ಮೇಲೆ ಅಲ್ಲಿ ನಿಲ್ಲಲು ಆಗಲಿಲ್ಲ.

ಆದರೂ ಸತ್ಯ ಇದು: ತಾನೊಬ್ಬನೇ ಕೊಲ್ಲಬೇಕು, ಬೇರೆಯವರು ಕೊಲ್ಲಬಾರದು ಎಂದು ಒಬ್ಬ ರಾಜ ಹಟ ಹಿಡಿದದ್ದರಿಂದ ಐಬೆಕ್ಸ್ ಉಳಿಯಿತು. ಅವನ ಮೊಮ್ಮಗ 1919ರಲ್ಲಿ ಈ ಭೂಮಿಯನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟ. 1922ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೂ ಮೊದಲೇ, ತಮ್ಮ ಬೆಟ್ಟಗಳಿಗೂ ಐಬೆಕ್ಸ್ ಬೇಕೆಂದು ಬಯಸಿದ ಸ್ವಿಸ್ ಜನರಿಗೆ ಇಟಲಿಯ ರಾಜ ಒಂದನ್ನೂ ಕೊಡದಿದ್ದಾಗ, 1906ರಲ್ಲಿ ಕೆಲವು ಮರಿಗಳನ್ನು ಕದ್ದು ಗಡಿ ದಾಟಿಸಲಾಯಿತು. ಅವುಗಳ ಸಂತತಿಯನ್ನು 1911ರಿಂದ ಸ್ವಿಸ್ ಬೆಟ್ಟಗಳಲ್ಲಿ ಬಿಡುತ್ತ ಬಂದರು. ಇವತ್ತು ಇಡೀ ಆಲ್ಪ್ಸ್‌ನಲ್ಲಿ ಹತ್ತಾರು ಸಾವಿರ ಐಬೆಕ್ಸ್‌ಗಳಿವೆ. ಎಲ್ಲವೂ ಆ ರಾಜನ ಬೇಟೆಕಾಡಿನಲ್ಲಿ ಬದುಕುಳಿದವುಗಳ ವಂಶ. ಒಂದು ಪ್ರಾಣಿ ಉಳಿದ ಕಥೆಯಲ್ಲಿ ಒಬ್ಬ ಬೇಟೆಗಾರನೂ ಕೆಲವು ಕಳ್ಳರೂ ಇದ್ದಾರೆ. ಇದನ್ನು ಮೊದಲು ಓದಿದಾಗ ನನ್ನ ಪ್ರಬಂಧಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಹಿಗ್ಗಿದ್ದೆ. ಕೆಟ್ಟ ಉದ್ದೇಶ, ಒಳ್ಳೆಯ ಫಲ. ನನ್ನದೇ ಒಂದು ಉದಾಹರಣೆ ಅದರ ಪಕ್ಕದಲ್ಲಿ ಬಂದು ನಿಲ್ಲುತ್ತದೆ ಎಂದುಕೊಂಡಿರಲಿಲ್ಲ.

ಆ ಬೆಳಿಗ್ಗೆ ಕಾಡು ಮುಗಿಯುವಾಗ ವಾಚು ನೋಡಿದೆ. ಲೆಕ್ಕ ಹಾಕಿದರೆ ಗುರಿ ಸ್ವಲ್ಪದರಲ್ಲಿ ತಪ್ಪುವ ಹಾಗಿತ್ತು. ಮೇಲಿನ ತಿರುವು ನೆತ್ತಿಯ ಮೇಲಿತ್ತು. ಹುಲ್ಲಿನಲ್ಲಿ ತೆಳ್ಳಗೆ ಒಂದು ಗೆರೆ ಕಾಣುತ್ತಿತ್ತು. ನನಗಿಂತ ಮೊದಲು ಯಾರೋ ಹತ್ತಿದ್ದರು. ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಲು ತಾನೇ ಆ ಕಡೆ ಹೋಯಿತು. ಕೈಯೂರಿ, ಏದುಸಿರು ಬಿಡುತ್ತ, ಒಂದಾದ ಮೇಲೊಂದು ಮೂರು ತಿರುವು ದಾಟಿದೆ. ಮೂರನೆಯದರ ಅಂಚಿಗೆ ತಲೆ ಎತ್ತುತ್ತಿದ್ದಂತೆ ಹತ್ತು ಮಾರು ದೂರದಲ್ಲಿ ಮೂಗಿನಿಂದ ಸೀಟಿ ಹೊಡೆದಂಥ ಸದ್ದು. ಕಂದು ಬಣ್ಣದ ಪ್ರಾಣಿಯೊಂದು ಕಲ್ಲಿಂದ ಕಲ್ಲಿಗೆ ಹಾರಿ ಮೇಲಕ್ಕೆ ಹೋಯಿತು. ಅದರ ಹಿಂದೆ ಇನ್ನೊಂದು ಚಿಕ್ಕದು ಅಡ್ಡಕ್ಕೆ ಓಡಿತು. ಅದು ಐಬೆಕ್ಸ್ ಅಲ್ಲ, ಶಾಮುವಾ. ಮೇಕೆ ಜಾತಿಗೇ ಸೇರಿದ, ಇನ್ನೂ ಹಗುರ ಮೈಯ, ಇನ್ನೂ ಹೆಚ್ಚು ಅಂಜುವ ಪ್ರಾಣಿ. ಮೇ ಕೊನೆ, ಜೂನ್ ಅವುಗಳು ಮರಿ ಹಾಕುವ ಕಾಲ.

ಆ ಕ್ಷಣ ನನಗಾದದ್ದು ಸಂತೋಷ. ಇಷ್ಟು ಹತ್ತಿರದಿಂದ ನೋಡಿದೆನಲ್ಲ ಎಂಬ ಪುಳಕ. ಅದು ಹೆದರಿ ಓಡಿದ್ದನ್ನು ನಾನು ನನಗೆ ಸಿಕ್ಕ ದರ್ಶನವೆಂದುಕೊಂಡೆ. ಆಶ್ರಯಮನೆಯ ಗೋಡೆ ಮುಟ್ಟಿದಾಗ ವಾಚಿನಲ್ಲಿದ್ದದ್ದು ಒಂದು ಗಂಟೆ, 8 ನಿಮಿಷ, 40 ಸೆಕೆಂಡು.

ಇಳಿಯುವಾಗ, ಆ ತಿರುವುಗಳಿಗಿಂತ ಸ್ವಲ್ಪ ಮೇಲೆ ದಾರಿ ಪಕ್ಕದ ಬಂಡೆಯ ಮೇಲೆ ಉದ್ಯಾನದ ಕಾವಲುಗಾರರೊಬ್ಬರು ಕೂತಿದ್ದರು. ಅವರ ಮುಂದೆ ಮೂರು ಕಾಲಿನ ಮೇಲೆ ದೂರದರ್ಶಕ. ಇಲ್ಲಿನ ಕಾವಲುಗಾರರ ಕೆಲಸದಲ್ಲಿ ಬಹುಪಾಲು ಹೀಗೆ ಕೂತು ನೋಡುವುದೇ. ಇಟಾಲಿಯನ್ನಿನಲ್ಲೂ ನಮ್ಮಂತೆ ಸಲುಗೆಯ ಮಾತು, ಮರ್ಯಾದೆಯ ಮಾತು ಬೇರೆ ಬೇರೆ. ಆದರೆ ಎತ್ತರದ ಬೆಟ್ಟಗಳಲ್ಲಿ ಅಪರಿಚಿತರೂ ಒಬ್ಬರನ್ನೊಬ್ಬರು ಸಲುಗೆಯಲ್ಲೇ ಮಾತಾಡಿಸುವ ರೂಢಿ.

"ಕೆಳಗಿನ ತಿರುವಿನಿಂದ ನೇರ ಹತ್ತಿದ್ದು ನೀನೇ ಅಲ್ಲವಾ?" ಎಂದರು.

ಹೌದು ಎಂದೆ.

"ಎಷ್ಟು ಉಳಿಯಿತು?"

"ಎರಡು ನಿಮಿಷ."

ತಲೆಯಾಡಿಸಿದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಲೆಕ್ಕ ಕೇಳಿದ ಹಾಗಿತ್ತು. "ತಾಯಿ ಮೇಲಿನ ಬಂಡೆಗೆ ಹೋಯಿತು. ಮರಿ ಕೊರಕಲಿನ ಈಚೆಯೇ ಉಳಿಯಿತು. ಇಪ್ಪತ್ತು ನಿಮಿಷ ನೋಡಿದೆ. ಆಮೇಲೆ ಮಂಜು ಬಂತು, ಏನೂ ಕಾಣಲಿಲ್ಲ."

"ಮತ್ತೆ ಸೇರಿಕೊಂಡಿರಬಹುದಲ್ಲ?"

"ಸೇರಿಕೊಂಡಿರಬಹುದು. ಸಾಮಾನ್ಯವಾಗಿ ಸೇರಿಕೊಳ್ಳುತ್ತವೆ."

ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ದಂಡ ಏನಾದರೂ ಕಟ್ಟಬೇಕಾ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, "ರಸೀದಿ ಪುಸ್ತಕ ತಂದಿಲ್ಲ" ಎಂದು ಮತ್ತೆ ದೂರದರ್ಶಕಕ್ಕೆ ಕಣ್ಣು ಹಚ್ಚಿದರು. ದಂಡ ಹಾಕಿದ್ದರೆ ಚೆನ್ನಾಗಿತ್ತು ಎಂದು ಇಳಿಯುವಾಗ ಅನಿಸಿತು. ಹಣ ಕಟ್ಟಿ ಲೆಕ್ಕ ಮುಗಿಸಬಹುದಿತ್ತು.

ಬಸ್ಸಿನಲ್ಲಿ ಕೂತು ನನ್ನ ಪರವಾಗಿ ವಾದ ಮಾಡಲು ಶುರುಮಾಡಿದೆ. ಆ ವಿದ್ಯೆಯಲ್ಲಿ ನನಗೆ ತರಬೇತಿ ಇದೆ. ಫಲ ನೋಡಿ ಕೆಲಸವನ್ನು ಅಳೆಯಬೇಕು ಎನ್ನುವವರ ಪ್ರಕಾರ, ಮರಿ ತಾಯಿಯನ್ನು ಸೇರಿದ್ದರೆ ನಾನು ಮಾಡಿದ್ದು ತಪ್ಪೇ ಅಲ್ಲ. ಸೇರದೆ ಹದ್ದಿನ ಪಾಲಾಗಿದ್ದರೆ ತಪ್ಪು. ಅಂದರೆ ನಾನು ಎಂಥ ಮನುಷ್ಯ ಎಂಬುದನ್ನು ಆ ಮಂಜಿನ ಹಿಂದೆ ನಡೆದದ್ದು ತೀರ್ಮಾನಿಸಬೇಕು. ಅದೇ ಅಳತೆಯಲ್ಲಿ ಸಾರ್ ಕೋಟೆಮನೆಯ ಕೊಂಬುಗಳ ಒಡೆಯ ಆಲ್ಪ್ಸ್‌ನ ಮಹಾ ಉಪಕಾರಿ. ಇದನ್ನು ಒಪ್ಪಲು ಮನಸ್ಸು ಬರಲಿಲ್ಲ. ಹಾಗಾದರೆ ಉದ್ದೇಶ ನೋಡೋಣವೆಂದರೆ, ನನ್ನ ಉದ್ದೇಶ ನಿರ್ಮಲ. ಆ ಕಣಿವೆ ಎಂದರೆ ನನಗೆ ಪ್ರಾಣ. ಒಂದು ಹೂವನ್ನೂ ಕಿತ್ತಿಲ್ಲ, ಒಂದು ಕಾಗದದ ಚೂರನ್ನೂ ಬಿಸಾಡಿಲ್ಲ. ಆದರೆ ಪ್ರೀತಿ ಇತ್ತು ಎಂಬ ಮಾತು ಶಾಮುವಾಗೆ ಏನು ಪ್ರಯೋಜನಕ್ಕೆ ಬಂತು? ಬೇಟೆಯ ದಿನ ಕೂಗುತ್ತ ಅಟ್ಟಿದವರೂ, ವಾಚು ನೋಡುತ್ತ ಹತ್ತಿದ ನಾನೂ ಅದಕ್ಕೆ ಕಂಡದ್ದು ಒಂದೇ ರೀತಿ. ಕೆಳಗಿನಿಂದ, ದಾರಿ ಇಲ್ಲದ ಕಡೆಯಿಂದ, ಏದುಸಿರು ಬಿಡುತ್ತ ಬಂದ ದೊಡ್ಡ ಪ್ರಾಣಿ.

ಫಲವೂ ಅಲ್ಲ, ಉದ್ದೇಶವೂ ಅಲ್ಲ ಎಂದಾದರೆ ನನ್ನ ತಪ್ಪು ಇರುವುದೆಲ್ಲಿ? ಇದಕ್ಕೆ ಉತ್ತರದ ಸುಳಿವು ಸಿಕ್ಕಿದ್ದು ಟೊರಿನೊದ ಗ್ರಂಥಾಲಯದಲ್ಲಲ್ಲ. ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ಶ್ರವಣಬೆಳಗೊಳಕ್ಕೆ ಹೋಗುವ ಜೈನ ಮುನಿಗಳನ್ನು ಚಿಕ್ಕಂದಿನಲ್ಲಿ ದಾರಿಯಲ್ಲಿ ನೋಡುತ್ತಿದ್ದೆವು. ಕೈಯಲ್ಲಿ ನವಿಲುಗರಿಯ ಪಿಂಛಿ, ಇನ್ನೊಂದು ಕೈಯಲ್ಲಿ ಕಮಂಡಲು. ಅವರು ಬೆಳಕು ಹರಿಯುವ ಮೊದಲು ಹೊರಡುತ್ತಿರಲಿಲ್ಲ. ಕಣ್ಣು ಯಾವಾಗಲೂ ಮುಂದಿನ ನಾಲ್ಕು ಮೊಳ ನೆಲದ ಮೇಲೆ. ನಾವು ಸೈಕಲ್ಲಿನಲ್ಲಿ ಅವರನ್ನು ಸುತ್ತಿ ಸುತ್ತಿ ಹೋಗುತ್ತಿದ್ದೆವು; ಅವರ ನಡಿಗೆ ಮಾತ್ರ ಬದಲಾಗುತ್ತಿರಲಿಲ್ಲ. ಹೀಗೆ ನೋಡಿ ನಡೆಯುವುದಕ್ಕೆ ಈರ್ಯಾಸಮಿತಿ ಎಂಬ ಹೆಸರಿದೆ, ಅದು ಮುನಿಗಳ ನಿಯಮಗಳಲ್ಲಿ ಒಂದು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮಳೆಗಾಲದ ನಾಲ್ಕು ತಿಂಗಳು ಅವರು ಊರಿಂದೂರಿಗೆ ಹೋಗುವುದೇ ಇಲ್ಲ. ಆಗ ನೆಲದ ತುಂಬ ಹುಳುಹುಪ್ಪಟೆ ಹುಟ್ಟಿರುತ್ತವೆ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ವ್ಯಾಖ್ಯೆ ಇದೆ. ಅದರಲ್ಲಿ ಪ್ರಾಣಹಾನಿಯ ಜೊತೆಗೆ, ಅದಕ್ಕಿಂತ ಮೊದಲು ಬರುವ ಪದ ಪ್ರಮಾದ. ಪ್ರಮಾದ ಎಂದರೆ ಈಗ ನಾವು ಸುಮ್ಮನೆ 'ತಪ್ಪು' ಎಂದುಕೊಳ್ಳುತ್ತೇವೆ. ಮೂಲದಲ್ಲಿ ಅದು ಎಚ್ಚರ ತಪ್ಪುವುದು, ಮೈಮರೆಯುವುದು. ಆ ದೃಷ್ಟಿಯಲ್ಲಿ ಎಚ್ಚರದಿಂದ ನಡೆದೂ ಒಂದು ಜೀವಕ್ಕೆ ತೊಂದರೆಯಾಗುವುದು ಬೇರೆ. ಎಚ್ಚರವಿಲ್ಲದೆ ನಡೆದು, ಅದೃಷ್ಟವಶಾತ್ ಯಾವ ಜೀವಕ್ಕೂ ತೊಂದರೆಯಾಗದಿರುವುದು ಬೇರೆ. ಮೊದಲನೆಯದು ದುಃಖ, ಎರಡನೆಯದು ದೋಷ. ನನ್ನ ದೋಷಕ್ಕೆ ಮರಿಯ ಸಾವಿನ ಸಾಕ್ಷಿ ಬೇಕಾಗಿಲ್ಲ. ನಾನು ಆ ಹುಲ್ಲಿನ ಇಳಿಜಾರನ್ನು ನೋಡಿರಲೇ ಇಲ್ಲ, ವಾಚನ್ನು ನೋಡಿದ್ದೆ. ಅಲ್ಲಿಗೇ ಅದು ಪೂರ್ತಿಯಾಗಿತ್ತು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಇದರಲ್ಲಿ ಇನ್ನೂ ಒಂದು ಮಾತು ಬಿಟ್ಟುಹೋಗಿದೆ ಎನಿಸುತ್ತದೆ. ನಾನು ಮೈಮರೆತು ದಾರಿಯ ಮೇಲೇ ಓಡಿದ್ದರೆ? ಆಗಲೂ ಎಚ್ಚರ ತಪ್ಪಿತ್ತು, ಆದರೆ ಇಷ್ಟು ಕಾಡುತ್ತಿರಲಿಲ್ಲ. ದಾರಿ ಬಿಟ್ಟದ್ದರಲ್ಲೇ ಏನೋ ಇದೆ.

ಕಾಡುಪ್ರಾಣಿಗಳನ್ನು ಗಮನಿಸುವವರಿಗೆ ಗೊತ್ತಿರುವ ಸಂಗತಿ: ದಿನಾ ಜನ ಓಡಾಡುವ ದಾರಿಗೆ ಪ್ರಾಣಿಗಳು ಹೊಂದಿಕೊಳ್ಳುತ್ತವೆ. ಈ ಎರಡು ಕಾಲಿನ ಜೀವಿಗಳು ಈ ಗೆರೆಯ ಮೇಲೆ ಬರುತ್ತವೆ, ಇದೇ ಗೆರೆಯ ಮೇಲೆ ಹೋಗುತ್ತವೆ ಎಂದು ಅವು ಕಲಿಯುತ್ತವೆ. ಗೆರೆಯಿಂದ ಸ್ವಲ್ಪ ದೂರದಲ್ಲಿ ನೆಮ್ಮದಿಯಾಗಿ ಮೇಯುತ್ತವೆ. ಸೆಲ್ಲಾ ಆಶ್ರಯಮನೆಯ ಸುತ್ತ ಸಂಜೆ ಹೊತ್ತು ಐಬೆಕ್ಸ್‌ಗಳು ಜನರ ಕಣ್ಣೆದುರೇ ಮೇಯುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಅದೇ ಮನುಷ್ಯ ಗೆರೆ ಬಿಟ್ಟು ಎಲ್ಲಿಂದಲೋ ಬಂದರೆ ಅವು ಬೆದರುವುದೇ ಬೇರೆ ರೀತಿ. ಅಲ್ಲಿ ಬೇಸಿಗೆ ಇರುವುದು ಮೂರು, ನಾಲ್ಕು ತಿಂಗಳು. ತಾಯಿ ಹಾಲೂಡಿಸಬೇಕು, ಮರಿ ಬೆಳೆಯಬೇಕು, ಎರಡೂ ಚಳಿಗಾಲಕ್ಕೆ ಕೊಬ್ಬು ಕೂಡಿಸಿಕೊಳ್ಳಬೇಕು. ಒಂದೊಂದು ಓಟವೂ ಆ ಗಳಿಕೆಯಿಂದ ಕಳೆದ ಹಾಗೆ.

ಹಾಗಾದರೆ ದಾರಿ ಎಂದರೆ ಬರೀ ಸವೆದ ನೆಲವಲ್ಲ. ಅದು ಒಂದು ಮಾತು. ನಾವು ಇಲ್ಲೇ ಇರುತ್ತೇವೆ, ಉಳಿದದ್ದು ನಿಮ್ಮದು ಎಂದು ಅಲ್ಲಿ ನಡೆದ ಎಲ್ಲರೂ ಸೇರಿ, ಬಾಯಿಬಿಟ್ಟು ಹೇಳದೆ, ನಡೆದೇ ಕೊಟ್ಟ ಮಾತು. ಅದನ್ನು ಕೇಳಿಸಿಕೊಂಡ ಪ್ರಾಣಿ ನಂಬಿ ಮರಿಯನ್ನು ಅಲ್ಲಿ ತಂದು ಮೇಯಿಸುತ್ತಿತ್ತು. ಕನ್ನಡದಲ್ಲಿ ಬೆಳೆದ ಮಕ್ಕಳಿಗೆ ಪುಣ್ಯಕೋಟಿಯ ಕಥೆ ಗೊತ್ತು. ಆ ಕಥೆಯಲ್ಲಿ ನಾವು ಯಾವಾಗಲೂ ಮೆಚ್ಚುವುದು ಮಾತಿಗೆ ತಪ್ಪದ ಹಸುವನ್ನು. ಈಗ ನನಗೆ ಹುಲಿಯ ಪಾತ್ರವೂ ದೊಡ್ಡದಾಗಿ ಕಾಣುತ್ತದೆ. ಅದು ಹಸಿದಿತ್ತು, ಆದರೂ ನಂಬಿ ಬಿಟ್ಟಿತು. ನಂಬಿದವರ ಎದುರು ಮಾತ್ರ ಮಾತಿಗೆ ಬೆಲೆ. ನಾನು ಮುರಿದದ್ದು ನನ್ನೊಬ್ಬನ ಮಾತನ್ನಲ್ಲ. ನನಗಿಂತ ಮೊದಲು ನೂರು ವರ್ಷ ಆ ತಿರುವುಗಳನ್ನು ಸುತ್ತಿ ಸುತ್ತಿ ನಡೆದವರ ಮಾತನ್ನು.

ರಾಜನ ವಿಷಯವೂ ಈಗ ಬೇರೆಯಾಗಿ ಕಾಣುತ್ತದೆ. ಅವನು ದಾರಿ ಮಾಡಿಸಿದ್ದು ಕೊಲ್ಲಲು. ಐಬೆಕ್ಸ್ ಉಳಿದ ಕೀರ್ತಿಯನ್ನು ಅವನೊಬ್ಬನಿಗೇ ಕೊಟ್ಟುಬಿಡುವಂತೆಯೂ ಇಲ್ಲ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಉದ್ಯಾನದಲ್ಲಿ ಅವು ಮತ್ತೆ ನಾನೂರರ ಸುತ್ತಮುತ್ತ ಇಳಿದಿದ್ದವು. ರೆಂಜೊ ವಿದೆಸೊತ್ ಎಂಬ ಪಶುವೈದ್ಯ ಉದ್ಯಾನದ ಹೊಣೆ ಹೊತ್ತು ಕಾವಲು ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕಾಯಿತು. ಬೇಟೆಯ ದಾರಿ ಭರವಸೆಯ ದಾರಿಯಾದದ್ದು ಆಮೇಲೆ ಬಂದವರು ಅದರ ಮೇಲೆ ಬೇರೆ ರೀತಿ ನಡೆದದ್ದರಿಂದ. ಯಾರು ಯಾತಕ್ಕೆ ಮಾಡಿದರು ಎಂಬುದರಿಂದ ದಾರಿಯ ಗುಣ ಕೊನೆಯವರೆಗೂ ತೀರ್ಮಾನವಾಗುವುದಿಲ್ಲ. ಇದು ಸಮಾಧಾನದ ಸಂಗತಿ. ಆದರೆ ಇದರ ಇನ್ನೊಂದು ಮಗ್ಗುಲಿದೆ: ಕೆಟ್ಟ ದಾರಿ ಒಳ್ಳೆಯದಾಗಬಹುದಾದರೆ, ಒಳ್ಳೆಯದಾದದ್ದು ಮತ್ತೆ ಕೆಡಲೂಬಹುದು. ನಾನು ಹತ್ತಿದ ಆ ತೆಳು ಗೆರೆಯನ್ನು ನನಗಿಂತ ಮೊದಲಿನವರು ಎಳೆದಿದ್ದರು. ನಾನು ಅದನ್ನು ಸ್ವಲ್ಪ ದಪ್ಪ ಮಾಡಿದೆ. ಮುಂದಿನವರಿಗೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಆ ಎತ್ತರದಲ್ಲಿ ಹುಲ್ಲು ಬೆಳೆಯುವುದೇ ನಿಧಾನ. ಬೇರು ಹೋದ ಕಡೆ ಹಿಮ ಕರಗಿದ ನೀರು ಇಳಿದು ಕೆಲವೇ ವರ್ಷಗಳಲ್ಲಿ ಕೊರಕಲು ಮಾಡುತ್ತದೆ.

ಇದನ್ನೆಲ್ಲ ಓಟದ ಗೆಳೆಯರೊಬ್ಬರಿಗೆ ಹೇಳಿದಾಗ ಅವರು ಒಂದು ಆಕ್ಷೇಪ ಎತ್ತಿದರು. ಅಷ್ಟು ಎಚ್ಚರ ಬೇಕಿದ್ದರೆ ಅಲ್ಲಿಗೆ ಹೋಗುವುದೇ ಏಕೆ? ಓಡುವುದೇ ಎಚ್ಚರದ ವಿರುದ್ಧವಲ್ಲವೆ? ಮುನಿಗಳು ಓಡುವುದಿಲ್ಲ. ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಮನುಷ್ಯರೇ ಕಾಲಿಡದ ಜಾಗಗಳು ಇರಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ನಿಧಾನವೇ ಸದ್ಗುಣ, ವೇಗವೇ ಪಾಪ ಎನ್ನಲಾರೆ. ನಿಧಾನವಾಗಿ ನಡೆದು, ಫೋಟೊಕ್ಕಾಗಿ ಐಬೆಕ್ಸ್ ಮರಿಯ ಹಿಂದೆ ಬಂಡೆ ಹತ್ತುವವರನ್ನೂ ನೋಡಿದ್ದೇನೆ. ಏರಿನಲ್ಲಿ ಓಡುವಾಗ ಕಾಲಿನಡಿಯ ಪ್ರತಿ ಕಲ್ಲೂ ನನಗೆ ಕಾಣುತ್ತದೆ. ಓಟದಲ್ಲಿ ಎಚ್ಚರವಿದೆ. ಆದರೆ ಅದು ಪೂರ್ತಿ ನನ್ನ ಸುತ್ತಲೇ ಸುತ್ತುತ್ತದೆ: ನನ್ನ ಪಾದ, ನನ್ನ ಉಸಿರು, ನನ್ನ ಸಮಯ. ಕಷ್ಟವಿರುವುದು ಅಲ್ಲಿ. ಮುನಿಯ ಕಣ್ಣೂ ನೆಲದ ಮೇಲೆ, ನನ್ನ ಕಣ್ಣೂ ನೆಲದ ಮೇಲೆ. ಅವರು ನೋಡುವುದು ಅಲ್ಲಿ ಯಾರಿದ್ದಾರೆ ಎಂದು. ನಾನು ನೋಡುವುದು ಕಾಲು ಎಲ್ಲಿಡಲಿ ಎಂದು.

ಇನ್ನೊಂದು ನೆನಪು ಇಲ್ಲಿ ಮುಜುಗರ ತರುತ್ತದೆ. ಬಂಡೀಪುರವೂ ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಅದೂ ಸೇರಿತು. ಅದರ ನಡುವೆ ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಎಂ.ಎ. ಓದುವಾಗ ಹಾಸ್ಟೆಲ್ಲಿನಲ್ಲಿ ಈ ಬಗ್ಗೆ ರಾತ್ರಿಯಿಡೀ ವಾದ ಮಾಡಿದ್ದೆವು. ಬಳಸು ದಾರಿಯಲ್ಲಿ ಹೋಗಲಿ, ಏನು ಮುಳುಗಿಹೋಗುತ್ತದೆ, ಒಂದು ಜಿಂಕೆಯ ಪ್ರಾಣಕ್ಕಿಂತ ಅವರ ಒಂದು ಗಂಟೆ ದೊಡ್ಡದೇ ಎಂದು ನಾನು ಕೂಗಾಡಿದ್ದೆ. ವಯನಾಡಿನ ಕಡೆಯ ಗೆಳೆಯನೊಬ್ಬ ಆಸ್ಪತ್ರೆ, ತರಕಾರಿ ಲಾರಿ, ಬಡ ವ್ಯಾಪಾರಿಗಳ ಮಾತು ತೆಗೆದಾಗ ಅವನನ್ನು ಕಾಡಿನ ವೈರಿ ಎಂಬಂತೆ ನೋಡಿದ್ದೆ. ಅವರಿಗೆ ಆ ಸಮಯದಿಂದ ಹೊಟ್ಟೆಪಾಡು ನಡೆಯಬೇಕಿತ್ತು. ನನ್ನ ಎರಡು ನಿಮಿಷದಿಂದ ಯಾರ ಹೊಟ್ಟೆಯೂ ತುಂಬುವಂತಿರಲಿಲ್ಲ. ನಿಷೇಧ ಸರಿ ಎಂದು ಈಗಲೂ ನಂಬುತ್ತೇನೆ. ಆದರೆ ಬೇರೆಯವರ ಸಮಯವನ್ನು ಪ್ರಾಣಿಗಳಿಗೆ ದಾನ ಮಾಡುವಾಗ ಇದ್ದ ಧಾರಾಳ ನನ್ನ ಸಮಯದ ಸರದಿ ಬಂದಾಗ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ನನ್ನ ಬಳಿ ಮರ್ಯಾದೆಯ ಉತ್ತರವಿಲ್ಲ. ಒಂದು ಜಾಗವನ್ನು ಪ್ರೀತಿಸುತ್ತೇನೆ ಎನ್ನುವುದಕ್ಕೆ ಬಹುಶಃ ಇದೊಂದೇ ಪರೀಕ್ಷೆ: ಅದಕ್ಕಾಗಿ ನನ್ನದನ್ನು, ಬೇರೆಯವರದ್ದನ್ನಲ್ಲ, ಎಷ್ಟು ಬಿಡುತ್ತೇನೆ?

ಕನ್ನಡದಲ್ಲಿ 'ಅಡ್ಡದಾರಿ ಹಿಡಿದ' ಎಂದರೆ ಕೆಟ್ಟುಹೋದ ಎಂದು ಅರ್ಥ. ಚಿಕ್ಕಂದಿನಿಂದ ಕೇಳಿದ ಮಾತು. ಅದು ಬರೀ ರೂಪಕ ಎಂದುಕೊಂಡಿದ್ದೆ.

ಸೆಪ್ಟೆಂಬರ್‌ನಲ್ಲಿ ಮತ್ತೆ ಹೋದೆ. ಅಡ್ಡಗೆರೆಯ ಬಾಯಿಗೆ ಯಾರೋ ನಾಲ್ಕು ಕಲ್ಲು, ಒಂದು ಒಣಗಿದ ಲಾರ್ಚ್ ಕೊಂಬೆ ಅಡ್ಡ ಇಟ್ಟಿದ್ದರು. ಪ್ರತಿ ತಿರುವನ್ನೂ ಪೂರ್ತಿ ಸುತ್ತಿ ಓಡಿದೆ. ಒಂದು ಗಂಟೆ 13 ನಿಮಿಷವಾಯಿತು. ಜೂನ್‌ನ ಆ ಒಂದು ಗಂಟೆ 8 ನಿಮಿಷದ ದಾಖಲೆ ನನ್ನ ಫೋನಿನ ಆ್ಯಪಿನಲ್ಲಿ ಇನ್ನೂ ಹಾಗೇ ಇದೆ. ಅಳಿಸಿಬಿಡೋಣವೆಂದು ಎರಡು ಸಲ ತೆರೆದು ಮುಚ್ಚಿದ್ದೇನೆ. ಅಳಿಸಿದರೆ ಅದೂ ದಂಡ ಕಟ್ಟಿದ ಹಾಗೇ ಆಗುತ್ತದೆ ಎಂದು ಸುಮ್ಮನಿದ್ದೇನೆ.

ಉದ್ಯಾನದವರು 1956ರಿಂದ ಪ್ರತಿ ವರ್ಷ ಐಬೆಕ್ಸ್ ಮತ್ತು ಶಾಮುವಾಗಳನ್ನು ಎಣಿಸುತ್ತಾರೆ. ಸೆಪ್ಟೆಂಬರ್ ಎಣಿಕೆಯ ತಿಂಗಳು. ಎಲ್ಲ ಕಣಿವೆಗಳಲ್ಲೂ ಕಾವಲುಗಾರರು ಬೆಳಿಗ್ಗೆಯೇ ಬೆಟ್ಟ ಹತ್ತಿ ದೂರದರ್ಶಕ ಹಿಡಿದು ಕೂರುತ್ತಾರೆ. ಗಂಡೆಷ್ಟು, ಹೆಣ್ಣೆಷ್ಟು, ಈ ವರ್ಷದ ಮರಿ ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಆ ದಿನ ಮೇಲಿನ ಇಳಿಜಾರಿನಲ್ಲಿ ಶಾಮುವಾಗಳ ಒಂದು ಗುಂಪು ಮೇಯುತ್ತಿತ್ತು. ಮರಿಗಳಿದ್ದವು, ಬರಿಗಣ್ಣಿಗೆ ಮೂರೋ ನಾಲ್ಕೋ ಕಂಡವು. ಅವುಗಳಲ್ಲಿ ಅದೂ ಇದ್ದಿರಬಹುದು. ದಾರಿಯ ಮೇಲೇ ನಿಂತು, ಬೆವರು ಆರಿ ಚಳಿ ಹತ್ತುವವರೆಗೂ ನೋಡಿದೆ.